ಸೋಮವಾರದ ಬಂಗಡೆ ಮತ್ತು ಬನವಾಸಿಯ ಗೈಡು

ಬನವಾಸಿಗೆ ಗೈಡ್ ಬೇಕಾಗಿಲ್ಲ, ನಾನಿದ್ದೇನೆ ಎಂದು ಹೇಳಿದ್ದು ನಾನೇ. ಈ ಒಂದು ವಿಷಯದಲ್ಲಿ ನನ್ನ ನೆನಪಿಗೂ ನನ್ನ ಹೆಂಡತಿ ನಾಗವೇಣಿಯ ನೆನಪಿಗೂ ತಕರಾರಿಲ್ಲ. ಅದರ ನಂತರ ನಡೆದ ಪ್ರತಿಯೊಂದರಲ್ಲೂ ಇದೆ. ಆದ್ದರಿಂದ ಇದನ್ನು ಓದುವವರು ನನ್ನ ಮಾತನ್ನು ಪೂರ್ತಿ ನಂಬಬೇಕಾಗಿಲ್ಲ. ಅವಳ ಮಾತನ್ನಂತೂ ನಂಬಲೇಬೇಡಿ!

ನಾಗವೇಣಿ ಕುಮಟೆ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಾಳೆ. ನಾನು ತದಡಿ ಬಂದರದ ಒಂದು ಐಸ್ ಫ್ಯಾಕ್ಟರಿಯಲ್ಲಿ ಐಸು ಪುಡಿ ಮಾಡುವ ಯಂತ್ರ ನೋಡಿಕೊಳ್ಳುತ್ತೇನೆ. ಮಾರ್ಕೆಟ್ಟಿನ ಹದಿನೆಂಟು ಹೆಂಗಸರು ಸೇರಿ ಒಂದು ಸಂಘ ಕಟ್ಟಿಕೊಂಡಿದ್ದಾರೆ. ಅದಕ್ಕೆ ಮೂರು ವರ್ಷದಿಂದ ನಾಗವೇಣಿಯೇ ಮುಂದಾಳು. ತಲೆಯ ಮೇಲೆ ತಗಡಿನ ಮಾಡು, ಕೈ ತೊಳೆಯಲು ನಳ್ಳಿ ಎಲ್ಲ ಹತ್ತು ಕಚೇರಿ ತಿರುಗಿ ಹಾಕಿಸಿಕೊಂಡವಳು ಅವಳು. ಸಂಘ ವರ್ಷಕ್ಕೊಂದು ಟ್ರಿಪ್ ಹೋಗುತ್ತದೆ. ಹೋಗುವುದು, ಕೈ ಮುಗಿಯುವುದು, ಪ್ರಸಾದ ಉಣ್ಣುವುದು, ಬಳೆ ಕೊಳ್ಳುವುದು, ಬರುವುದು. ಈ ವರ್ಷ ನಾಗವೇಣಿ ಸಭೆಯಲ್ಲಿ ಎದ್ದು ನಿಂತು ಹೇಳಿದಳಂತೆ: "ಕೈ ಮುಗಿದು ಮುಗಿದು ಸಾಕಾತು. ಒಂದ್ಸಲ ಎಂತದಾದ್ರೂ ತಿಳ್ಕಂಡು ಬರ್ವ. ಬನವಾಸಿಗೆ ಹೋಗ್ವ. ಕನ್ನಡದ ಮೊದಲ ರಾಜರ ಊರು."

ಹಳದೀಪುರದ ಸುಶೀಲೆ ಬಿಡುತ್ತಾಳೆಯೆ? "ಹಳೇ ಕಲ್ಲು ನೋಡೂಕೆ ಘಟ್ಟ ಹತ್ತೂದಾ? ಎಂತ ಮರುಳು ನಾಗವೇಣಿ ನಿಂಗೆ?"

ನನ್ನ ಹೆಂಡತಿಗೆ ಸಿಟ್ಟು ಬಂದರೆ ಮಾತಿನ ತೂಕ ತಪ್ಪುತ್ತದೆ. "ಎಲ್ಲರೂ ಬಾಯ್ಬಿಟ್ಟು ಚಲೋ ಆತು ಅಂದ್ರೆ ಸಮ. ಇಲ್ದಿದ್ರೆ ನಾ ಮುಂದಾಳ್ತನ ಬಿಡ್ತೆ. ನೀನೇ ನಡಸು!" ಎಂದುಬಿಟ್ಟಳು. ಸುಶೀಲೆ ಆ ಮಾತನ್ನು ಅಲ್ಲೇ ಠರಾವು ಪುಸ್ತಕದಲ್ಲಿ ಬರೆದುಕೊಂಡಳು. ಸಂಘದಲ್ಲಿ ಅಕ್ಷರ ಚೆಂದ ಇರುವುದು ಅವಳದೇ.

ಹೀಗೆ ಮೂರು ವರ್ಷದ ಮರ್ಯಾದೆ ಒಂದು ದಿನದ ಪ್ರವಾಸದ ಮೇಲೆ ಕೂತಿತು. ವ್ಯಾನಿನ ಡ್ರೈವರು, "ಅಲ್ಲೇ ಊರಿನ ಗೈಡ್ ಸಿಗ್ತಾರೆ, ಹೇಳಿಡ್ಲಾ?" ಎಂದು ಕೇಳಿದ. ನಾನು ನಕ್ಕೆ. ಏಳನೇ ಇಯತ್ತೆಯಲ್ಲಿ ಶಾಲೆಯ ಪ್ರವಾಸದಲ್ಲಿ ಬನವಾಸಿ ನೋಡಿದವನು ನಾನು! ಆ ಕಲ್ಲಿನ ದೊಡ್ಡ ನಂದಿ, ಅದರ ಹೊಟ್ಟೆಯಡಿ ನಾವು ಮಕ್ಕಳೆಲ್ಲ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆ ಎದ್ದದ್ದು, ನನ್ನ ಚಡ್ಡಿಯ ಹಿಂಭಾಗ ಹರಿದದ್ದು, ಮೇಷ್ಟ್ರು ಬೈದದ್ದು, ಎಲ್ಲ ನಿನ್ನೆ ನಡೆದಂತೆ ಕಣ್ಣೆದುರಿಗಿದೆ. ನಾನಿರುವಾಗ ಮತ್ತೊಬ್ಬ ಗೈಡೇ?

"ನಿಮ್ಮಿಂದ ಆಗ್ತದಾ?" ಎಂದಳು ನಾಗವೇಣಿ.

"ಏನೆಂದುಕೊಂಡೆ ನನ್ನ?"

"ಅದನ್ನ ಈಗ ಹೇಳೂದು ಬೇಡ. ಆಗ್ತದಾ ಇಲ್ಲಾ ಹೇಳಿ."

ಎರಡು ವಾರ ಅಭ್ಯಾಸ ನಡೆಯಿತು. ಲೈಬ್ರರಿಯಿಂದ ಒಂದು ತೆಳ್ಳಗಿನ ಪುಸ್ತಕ ತಂದೆ. ಸಂಜೆ ಅವಳು ಕಾಯಿ ತುರಿಯಲು ಕೂತರೆ ನಾನು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ ನಡೆಯುತ್ತ ಗಟ್ಟಿಯಾಗಿ ಹೇಳುವುದು. "ಮಾನ್ಯರೇ, ಎದುರಿಗೆ ಕಾಣುವುದು ಕದಂಬರ ಕಾಲದ..." ಅವಳು ಹೂಂ, ಹೂಂ ಎನ್ನುತ್ತ ತುರಿಯುವುದು. ನನ್ನ ಮಾತು ಅವಳ ಕಿವಿಗೆ ಬೀಳುತ್ತಿದೆ ಎಂಬ ಅನುಮಾನ ನನಗೆ ಒಂದು ದಿನವೂ ಬರಲಿಲ್ಲ.

ಹೊರಡಲು ಸೋಮವಾರವನ್ನೇ ಆರಿಸಿದ್ದರು. ಅದಕ್ಕೆ ಕಾರಣ ಸ್ಪಷ್ಟ. ಸೋಮವಾರ ಈಶ್ವರನ ವಾರ. ನಮ್ಮ ಕಡೆ ಅರ್ಧಕ್ಕರ್ಧ ಮನೆಯಲ್ಲಿ ಅಂದು ಮೀನಿಲ್ಲ. ತಿನ್ನುವವರಿಲ್ಲದ ದಿನ ಮಾರುವವರಿಗೆ ರಜೆ. ಹೋಗುವುದೂ ಈಶ್ವರನ ಗುಡಿಗೇ. ಹದಿನೆಂಟೂ ಜನ ಮಿಂದು, ಮಡಿ ಸೀರೆ ಉಟ್ಟು, ಬರೀ ಅವಲಕ್ಕಿ ತಿಂದು ಆರು ಗಂಟೆಗೆ ವ್ಯಾನಿನ ಹತ್ತಿರ ನಿಂತಿದ್ದರು.

ಆ ಬೆಳಿಗ್ಗೆ ಐದು ಗಂಟೆಗೆ ನಮ್ಮ ಅಡುಗೆಮನೆಯಲ್ಲಿ ಏನು ನಡೆಯಿತು ಎಂಬುದಕ್ಕೆ ಮನುಷ್ಯರ ಸಾಕ್ಷಿ ಇಲ್ಲ. ನನ್ನ ಮೊದಲ ನೆನಪಿನ ಪ್ರಕಾರ ನಾನು ಬರೀ ಚಹಾ ಕುಡಿದೆ. ಎರಡನೆಯ ನೆನಪಿನಲ್ಲಿ ಚಹಾದ ಜೊತೆ ಎರಡು ದೋಸೆ ಇದೆ. ದೋಸೆಯ ಜೊತೆ ಏನಿತ್ತು ಎಂದು ಕೇಳಿದರೆ, ನನ್ನ ತಲೆಯ ತುಂಬ ಆ ಹೊತ್ತಿನಲ್ಲಿ ಕದಂಬ ರಾಜರೇ ಇದ್ದರು. ಕೈ ಎಲ್ಲಿ ಹೋಯಿತು, ಬಾಯಿಗೆ ಏನು ತಂದಿತು ಎಂದು ಅವರನ್ನು ಕೇಳಬೇಕು. ಮೂರನೆಯದು ನೆನಪಲ್ಲ, ಆರೋಪ. ಅದು ಆಮೇಲೆ ಬಂತು.

ವ್ಯಾನಿನಲ್ಲಿ ಮೈಕ್ ಇತ್ತು! ಕತಗಾಲ ದಾಟುವವರೆಗೆ ನನ್ನಷ್ಟು ಒಳ್ಳೆಯ ಗೈಡ್ ಈ ಜಿಲ್ಲೆಯಲ್ಲಿ ಹುಟ್ಟಿರಲಿಲ್ಲ. ಆಮೇಲೆ ದೇವಿಮನೆ ಘಟ್ಟ ಶುರುವಾಯಿತು. ಹಿಂದಕ್ಕೆ ಮುಖ ಮಾಡಿ ನಿಂತು, ಕೈಯಲ್ಲಿ ಮೈಕ್ ಹಿಡಿದು, ತಿರುವಿನಲ್ಲಿ ಚರಿತ್ರೆ ಹೇಳುವುದು ಸುಲಭದ ಕೆಲಸವಲ್ಲ. ಮಳೆಗಾಲದ ತೆರೆಯಲ್ಲಿ ದೋಣಿ ಹತ್ತಿದವನು ನಾನು, ಒಮ್ಮೆಯೂ ಹೊಟ್ಟೆ ತೊಳಸಿದ್ದಿಲ್ಲ. ಏಳನೆಯ ತಿರುವಿನಲ್ಲಿ "ಮಾನ್ಯರೇ" ಎಂದೆ. ಎಂಟನೆಯದರಲ್ಲಿ ಡ್ರೈವರ್ ವ್ಯಾನ್ ನಿಲ್ಲಿಸಿದ. ಮುಂದಿನದನ್ನು ವಿವರಿಸುವುದಿಲ್ಲ. ಮೈಕ್ ಆಫ್ ಮಾಡಲು ಮರೆತಿದ್ದೆ ಎಂದಷ್ಟೇ ಹೇಳುತ್ತೇನೆ.

"ಗೈಡಿಂಗ್ ಬಹಳ ಚಲೋ ಕೇಳ್ತು ಭಾವಾ," ಎಂದಳು ಸುಶೀಲೆ. ನಾಗವೇಣಿ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಶಿರಸಿ ದಾಟಿ ಬನವಾಸಿ ಮುಟ್ಟಿದಾಗ ಒಂಬತ್ತೂವರೆ. ಗುಡಿಯ ಎದುರು ವ್ಯಾನ್ ನಿಂತಿತು. ನಾನು ಮೊದಲು ಇಳಿದು, ಬಾಗಿಲಲ್ಲಿ ನಿಂತು, ಒಬ್ಬೊಬ್ಬರನ್ನೇ ಕೈಕೊಟ್ಟು ಇಳಿಸತೊಡಗಿದೆ. ಗೈಡ್ ಎಂದ ಮೇಲೆ ಸೌಜನ್ಯ ಬೇಕು. ಈ ಸೌಜನ್ಯವೇ ನನ್ನನ್ನು ಮುಳುಗಿಸಿತು!

ಮೊದಲು ಇಳಿಯಲು ಬಂದವಳು ಪರಮಕ್ಕ. ಸಂಘದಲ್ಲಿ ಎಲ್ಲರಿಗಿಂತ ಹಿರಿಯಳು, ಎಪ್ಪತ್ತು ದಾಟಿದೆ. ಮಾರ್ಕೆಟ್ಟಿನಲ್ಲಿ ಅವಳ ಮೂಗು ಎಂದರೆ ಕೊನೆಯ ಕೋರ್ಟು. ಬುಟ್ಟಿಯ ಹತ್ತಿರ ಬಗ್ಗಿದರೆ ಸಾಕು; ಯಾವ ಮೀನು, ಯಾವಾಗ ಹಿಡಿದದ್ದು, ಐಸಿನಲ್ಲಿ ಎಷ್ಟು ಹೊತ್ತು ಮಲಗಿತ್ತು ಎಂದು ಹೇಳಿಬಿಡುತ್ತಾಳೆ. ಅದರ ಮೇಲೆ ಅಪೀಲಿಲ್ಲ. ಆ ಪರಮಕ್ಕ ನನ್ನ ಬಲಗೈ ಹಿಡಿದಳು. ಇಳಿಯಲಿಲ್ಲ. ಮೆಟ್ಟಿಲ ಮೇಲೆ ನಿಂತು ಕೈಯನ್ನು ಮೆಲ್ಲಗೆ ಮೇಲೆತ್ತಿ ಮೂಗಿನ ಹತ್ತಿರ ಒಯ್ದಳು.

"ಬಂಗಡೆ," ಎಂದಳು.

ವ್ಯಾನಿನೊಳಗಿನ ಹದಿನೇಳು ತಲೆಗಳು ಬಾಗಿಲ ಕಡೆ ತಿರುಗಿದವು.

"ನಿನ್ನೇದು. ಜುಮ್ಮನಕಾಯಿ ಮಸಾಲೆ ಹಾಕಿ ಮಾಡದ್ದು. ಬೆಳಗಾಮುಂಚೆ ಬಿಸಿ ಮಾಡ್ದೆ ತಣ್ಣಗೇ ತಿಂದದ್ದು."

ನಾಗವೇಣಿ ಹಿಂದಿನಿಂದ ನುಗ್ಗಿ ಬಂದಳು. "ಹೋಯ್, ಆ ಸಾರು ತಿಂದ್ರಾ? ಅದು ಬೆಕ್ಕಿಗೆ ಇಟ್ಟದ್ದಾಗಿತ್ತು!"

"ನಾನು ತಿಂದ ನೆನಪೇ ಇಲ್ಲ," ಎಂದೆ. ಇದು ಸತ್ಯ.

"ನಿಂಗೆ ನೆನಪಿಲ್ದಿದ್ರೆ ಎಂತಾತು ತಮ್ಮಾ, ನಿನ್ನ ಕೈಗೆ ನೆನಪದೆ," ಎಂದಳು ಪರಮಕ್ಕ.

ಸೋಮವಾರ. ಈಶ್ವರನ ಗುಡಿ. ಬಂಗಡೆ. ನಮ್ಮ ಕಡೆ ಮೀನು ತಿಂದು ಗುಡಿಯೊಳಗೆ ಕಾಲಿಡುವವರಿಲ್ಲ; ಮೀನು ಮಾರಿ ಬದುಕುವ ಈ ಹೆಂಗಸರಂತೂ ಅದನ್ನು ಕಟ್ಟುನಿಟ್ಟಾಗಿ ನಡೆಸುತ್ತಾರೆ. ಆದರೆ ನಾನು ಸುಲಭಕ್ಕೆ ಸೋಲುವವನಲ್ಲ. ವ್ಯಾನಿನ ಬಾಗಿಲಲ್ಲೇ ವಾದ ಮಂಡಿಸಿದೆ.

"ನೋಡಿ, ತಿಂದೆ ಎಂದೇ ಇಟ್ಟುಕೊಳ್ಳಿ. ತಿಂದದ್ದೆಲ್ಲ ಘಟ್ಟದ ಎಂಟನೇ ತಿರುವಿನಲ್ಲಿ ಹೊರಗೆ ಹೋಗಿದೆ. ಅದಕ್ಕೆ ನೀವೆಲ್ಲ ಸಾಕ್ಷಿ. ಮೈಕಿನಲ್ಲೇ ಕೇಳಿದ್ದೀರಿ. ಈಗ ಮೀನು ಇರುವುದು ಘಟ್ಟದಲ್ಲಿ, ನನ್ನ ಹೊಟ್ಟೆಯಲ್ಲಲ್ಲ!"

ಡ್ರೈವರ್ ತಲೆಯಾಡಿಸಿದ. ಅವನೊಬ್ಬನಿಗೆ ನನ್ನ ವಾದ ಹಿಡಿಸಿತ್ತು.

"ಹೊರಗೆ ಬಂತು ಅಂದ್ರೆ ತಿನ್ನಲಿಲ್ಲ ಅಂತಾಗ್ತದಾ?" ಎಂದಳು ಪರಮಕ್ಕ.

"ಹಾಗಾದರೆ ಹೊಳೆಯಲ್ಲಿ ಮಿಂದು ಬರುತ್ತೇನೆ. ವರದಾ ನದಿ ಇಲ್ಲೇ ಇದೆ."

"ಮೀ. ಬೇಡ ಅಂದವ್ರು ಯಾರು? ಮಿಂದು ಹೊರಗೇ ಕೂಕೋ."

"ದೇವರು ನನ್ನ ಕೈ ಮೂಸಿ ನೋಡ್ತಾನಾ?"

"ದೇವ್ರು ನೋಡೂದಿಲ್ಲ. ನಾ ನೋಡ್ದೆ, ಸಾಕು."

ಇದಕ್ಕೆ ಉತ್ತರವಿದೆ. ಅದು ನನಗೆ ಮೂರು ದಿನ ಬಿಟ್ಟು ಹೊಳೆಯಿತು.

ಗುಡಿಯಲ್ಲಿ ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ನೆಟ್ಟಗೆ ನಡೆದು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ, ಏಕೆಂದರೆ ಅಷ್ಟರಲ್ಲಿ ಸುಶೀಲೆ ಎಲ್ಲರಿಗೂ ಕೇಳುವಂತೆ, "ಗೈಡು ಹೊರಗೆ, ನಾವು ಒಳಗೆ. ಬಹಳ ಚಲೋ ಆತು ನಾಗವೇಣಿ! ತಿಳ್ಕಂಡು ಹೋಗ್ವ," ಎಂದಳು. ನಾಗವೇಣಿಯ ಮುಖ ಸಣ್ಣಗಾಯಿತು. ಸಭೆಯಲ್ಲಿ ಮುಷ್ಟಿ ಕಟ್ಟಿ ನಿಲ್ಲುವ ಹೆಂಗಸು ಸೀರೆಯ ಸೆರಗನ್ನು ಬೆರಳಿಗೆ ಸುತ್ತುತ್ತ ನೆಲ ನೋಡುತ್ತಿದ್ದಳು. ಅದನ್ನು ನೋಡಿ ನನ್ನೊಳಗಿನ ಗೈಡ್ ಸಿಡಿದೆದ್ದ.

"ಫೋನಿದೆಯಲ್ಲ!" ಎಂದೆ. "ಸ್ಪೀಕರ್ ಹಾಕಿ ಎತ್ತಿ ಹಿಡಿದುಕೋ. ನಾನು ಇಲ್ಲಿಂದಲೇ ತೋರಿಸುತ್ತೇನೆ. ನೋಡುವವರು ಒಳಗಿರಬೇಕು, ತೋರಿಸುವವನು ಎಲ್ಲಿದ್ದರೇನು?"

ನಾಗವೇಣಿ ಚಪ್ಪಲಿ ಕಳಚಿದಳು. "ಚಪ್ಪಲಿ ನೋಡ್ಕಂಡಿರಿ," ಎಂದು ಫೋನ್ ಹಿಡಿದು ಒಳಗೆ ಹೋದಳು. ಹದಿನೆಂಟು ಜೋಡಿ ಚಪ್ಪಲಿಗಳ ನಡುವೆ, ಮರದ ನೆರಳಿನ ಕಟ್ಟೆಯ ಮೇಲೆ, ತೊಡೆಯ ಮೇಲೆ ಪುಸ್ತಕ ಬಿಡಿಸಿಕೊಂಡು ನಾನು ಆರಂಭಿಸಿದೆ.

"ಮಾನ್ಯರೇ, ಎಡಕ್ಕೆ ನೋಡಿ!"

"ಎಡಕ್ಕೆ ಎಂತ ಇಲ್ಲ. ಗೋಡೆ," ಎಂದಿತು ಫೋನು.

"ಆ ಗೋಡೆಯನ್ನೇ ನೋಡಿ! ಈಗ ಮುಂದೆ ಬನ್ನಿ. ದೊಡ್ಡ ನಂದಿ ಕಾಣುತ್ತದೆಯೆ?"

"ಕಾಣ್ತದೆ."

ನನಗೆ ರೋಮಾಂಚನವಾಯಿತು. ಪುಸ್ತಕ ಮುಚ್ಚಿದೆ. ಇದಕ್ಕೆ ಪುಸ್ತಕ ಬೇಡ. "ಈ ನಂದಿಯ ಹೊಟ್ಟೆಯಡಿ ಒಂದು ದಾರಿಯಿದೆ. ಒಂದು ಕಡೆ ನುಗ್ಗಿ ಇನ್ನೊಂದು ಕಡೆ ಎದ್ದವರ ಬೇಡಿಕೆ ಈಡೇರುತ್ತದೆ. ಧೈರ್ಯವಿದ್ದವರು ನುಗ್ಗಬಹುದು!"

ಧೈರ್ಯ ಎಂಬ ಶಬ್ದ ಸುಶೀಲೆಗೆ ತಾಗಿತು. ಫೋನಿನಲ್ಲಿ ಮೊದಲು ಬಳೆಗಳ ಸದ್ದು, ಆಮೇಲೆ ಹೊಸ ಸೀರೆ ಕಲ್ಲಿಗೆ ಉಜ್ಜುವ ಸದ್ದು, ಆಮೇಲೆ ಯಾರೋ ಕಿಸಕ್ಕನೆ ನಕ್ಕದ್ದು, ಆಮೇಲೆ ಸುಶೀಲೆಯ ಸ್ವರ: "ದಾರಿ ಎಲ್ಲದೆ? ಕಲ್ಲೇ ಕಲ್ಲು!"

"ಇನ್ನೂ ಸ್ವಲ್ಪ ಬಗ್ಗಿ!"

"ಇನ್ನೆಲ್ಲಿಗೆ ಬಗ್ಗೂದು? ಮೂಗು ನೆಲಕ್ಕೆ ತಾಗ್ತು!"

"ನೀವು ನೋಡುತ್ತಿರುವುದು ನಂದಿಯೇ ಹೌದಾ? ಸರಿಯಾಗಿ ನೋಡಿ!"

ಆಮೇಲೆ ಫೋನಿನಿಂದ ಏನೂ ಕೇಳಲಿಲ್ಲ. ಆ ಮೌನವನ್ನು ನಾನು ಭಕ್ತಿ ಎಂದು ತಿಳಿದೆ.

ನಲವತ್ತು ನಿಮಿಷ ಮಾತಾಡಿದೆ. ಜೀವಮಾನದಲ್ಲಿ ಹಾಗೆ ಮಾತಾಡಿರಲಿಲ್ಲ. ರಾಜರು ಬಂದರು, ಹೋದರು. ಕಂಬ ಕಂಬವನ್ನೂ ತೋರಿಸಿದೆ. ಕಲ್ಲಿನ ಮಂಚದ ಹತ್ತಿರ ಎರಡೂ ಕೈ ಚಾಚಿ ಅದರ ಅಗಲ ತೋರಿಸಿದೆ. ಸುತ್ತ ಜನ ಸೇರಿದರು. ಪರವೂರಿನ ಒಂದು ಸಂಸಾರ, ಎಳನೀರು ಮಾರುವವನು, ಸೈಕಲ್ ಹಿಡಿದ ಇಬ್ಬರು. ಸಂಸಾರದ ಯಜಮಾನ ಮೆಲ್ಲಗೆ, "ಸರ್, ನೀವು ಗೈಡಾ?" ಎಂದು ಕೇಳಿದ.

"ಹೌದು."

"ಮತ್ತೆ ಒಳಗೆ ಹೋಗೋದಿಲ್ವಾ?"

"ನಾನು ಒಳಗೆ ಹೋಗದೆಯೇ ತೋರಿಸುವವನು," ಎಂದೆ.

ಅವನು ಕೈ ಮುಗಿದ. ಹೆಂಡತಿಗೂ ಮುಗಿಯಲು ಹೇಳಿದ. ಅದೇ ಗಳಿಗೆಯಲ್ಲಿ ಎಳನೀರಿನವನು ಕತ್ತಿ ಕೆಳಗಿಟ್ಟು ಹೇಳಿದ: "ಯಜಮಾನ್ರೇ, ನಿಮ್ಮ ಫೋನು ಆಗಲೇ ಕಟ್ ಆತು. ಹೇಳಾನ ಅಂತಿದ್ದೆ. ನೀವು ಜೋರಲ್ಲಿದ್ರಿ."

ನೋಡಿದೆ. ನಾಲ್ಕು ನಿಮಿಷಕ್ಕೇ ಮುಗಿದಿತ್ತು. ಸುಶೀಲೆಯ ಮೂಗು ನೆಲಕ್ಕೆ ತಾಗಿದ ಗಳಿಗೆಯಲ್ಲೇ!

ತಿರುಗಿ ಮಾಡಿದೆ. ನಾಗವೇಣಿ ಕಟ್ ಮಾಡಿದಳು. ಮತ್ತೆ ಮಾಡಿದೆ. ಸ್ವಿಚ್ ಆಫ್. ಈಗ ನಿಜವಾಗಿ ಹೆದರಿಕೆಯಾಯಿತು. ಒಳಗೆ ಏನು ನಡೆಯುತ್ತಿರಬಹುದು? ಸೀರೆಗೆ ಧೂಳು ಮೆತ್ತಿಕೊಂಡ ಸುಶೀಲೆ, ದಾರಿ ತಪ್ಪಿದ ಹದಿನಾರು ಹೆಂಗಸರು, ನಡುವೆ ಒಂಟಿಯಾಗಿ ನನ್ನ ಹೆಂಡತಿ. ತಗಡಿನ ಮಾಡಿನಡಿ ನಾಳೆಯಿಂದ ಅವಳು ಯಾವ ಮುಖ ಇಟ್ಟುಕೊಂಡು ಕೂರಬೇಕು? ಎಲ್ಲ ಒಂದು ದೋಸೆಯಿಂದ. ಅಥವಾ ಎರಡರಿಂದ. ಎಲ್ಲದಕ್ಕೂ ನಾನೇ ಕಾರಣ ಎಂದು ಆ ಕಟ್ಟೆಯ ಮೇಲೆ ಕೂತು ಒಪ್ಪಿಕೊಂಡೆ. ಗಟ್ಟಿಯಾಗಿ ಹೇಳಲಿಲ್ಲವಾದ್ದರಿಂದ ಆ ಒಪ್ಪಿಗೆ ಈಗ ಲೆಕ್ಕಕ್ಕಿಲ್ಲ.

ಮತ್ತೊಂದು ಗಂಟೆಯ ಮೇಲೆ ಅವರು ಬಂದರು. ಮುಂದೆ ಸುಶೀಲೆ. ಎರಡೂ ಮಂಡಿಯ ಹತ್ತಿರ ಸೀರೆ ಮಣ್ಣಾಗಿತ್ತು. ನೆಟ್ಟಗೆ ನನ್ನ ಕಡೆಗೇ ಬಂದಳು. ನಾನು ಎದ್ದು ನಿಂತೆ.

"ಭಾವಾ," ಎಂದಳು, "ನೀವು ಆ ಕಲ್ಲಿನ ಮಂಚ ನೋಡಿದ್ರಾ? ಎಂತಾ ಚೆಂದ ಮಾರಾಯ್ರೆ! ಮರದಲ್ಲೂ ಹಾಂಗೆ ಕೆತ್ತೂಕೆ ಆಗೂದಿಲ್ಲ. ಆ ನಂದಿ ಒಂದು ಕಣ್ಣಲ್ಲಿ ಈಶ್ವರನ್ನ ನೋಡ್ತದೆ, ಇನ್ನೊಂದು ಕಣ್ಣಲ್ಲಿ ಪಾರ್ವತೀನ. ಕಂಬ ಎಷ್ಟು ನುಣುಪು ಅಂದ್ರೆ ನಮ್ಮ ನೆರಳು ಅದ್ರಲ್ಲಿ ಕಾಣ್ತು! ನಾಗವೇಣಿ ಒಂದೊಂದೇ ತೋರ್ಸಿ ಹೇಳ್ತು. ಅದಕ್ಕೆ ಇಷ್ಟೆಲ್ಲ ಗೊತ್ತದೆ ಅಂತ ನಮಗೆ ಯಾರಿಗೂ ಗೊತ್ತೇ ಇರ್ಲಿಲ್ಲ."

ನಾನು ನಾಗವೇಣಿಯನ್ನು ನೋಡಿದೆ. ಅವಳ ಮುಖ ಬೆಳಗುತ್ತಿತ್ತು. ಸುತ್ತ ನಿಂತ ಹೆಂಗಸರು ಒಬ್ಬರ ಮೇಲೊಬ್ಬರು ಕೇಳುತ್ತಿದ್ದರು, ಅವಳು ಹೇಳುತ್ತಿದ್ದಳು. "ಇದು ಒಬ್ಬನೇ ರಾಜ ಕಟ್ಟದ್ದಲ್ಲ. ಒಬ್ಬ ಬಿಟ್ಟಲ್ಲಿಂದ ಇನ್ನೊಬ್ಬ ಹಿಡ್ದ." ಇದು ನನ್ನ ವಾಕ್ಯ! ಎರಡು ವಾರ ಜಗಲಿಗೂ ಅಡುಗೆಮನೆಗೂ ನಡೆದು ನಾನು ಕಟ್ಟಿದ ವಾಕ್ಯ. ಒಂದೊಂದೂ ಸರಿಯಾದ ಕ್ರಮದಲ್ಲಿ, ನನ್ನ ತಪ್ಪುಗಳನ್ನು ಮಾತ್ರ ಕಾಯಿಯ ಕರಟದ ಹಾಗೆ ಹೊರಗೆಸೆದು, ಅವಳ ಬಾಯಿಂದ ಬರುತ್ತಿತ್ತು. ಇದನ್ನು ಕಳವು ಎನ್ನದೆ ಬೇರೇನೆನ್ನಬೇಕು?

"ನಂದಿಯ ಹೊಟ್ಟೆಯ ದಾರಿ?" ಎಂದೆ, ಬಿಡದೆ.

ಡ್ರೈವರ್ ಎಳನೀರು ಕುಡಿಯುತ್ತಿದ್ದವನು ತಿರುಗಿದ. "ಹೊಟ್ಟೆ ಕೆಳಗೆ ಮಕ್ಕಳು ನುಗ್ಗೋ ನಂದಿಯಾ? ಅದು ಇಕ್ಕೇರಿಯದು. ಸಾಗರದ ಹತ್ರ. ಬನವಾಸಿಯದಲ್ಲ."

ಎಲ್ಲರೂ ನನ್ನನ್ನು ನೋಡಿದರು. ನಾನು ಲೆಕ್ಕ ಹಾಕಿದೆ. ಏಳನೇ ಇಯತ್ತೆಯ ಪ್ರವಾಸ ಹೋದದ್ದು ಇಕ್ಕೇರಿಗೆ. ಚಡ್ಡಿ ಹರಿದದ್ದು ಇಕ್ಕೇರಿಯಲ್ಲಿ. ಹಾಗಾದರೆ ಅಂದು ಬನವಾಸಿ ನೋಡಲಿಲ್ಲ. ಇಂದೂ ನೋಡಲಿಲ್ಲ. ಬನವಾಸಿಯನ್ನು ಎರಡೆರಡು ಸಲ ನೋಡದ ಗೈಡ್ ನಾನೊಬ್ಬನೇ ಇರಬೇಕು! ಆದರೂ ಡ್ರೈವರಿನ ಒಂದು ಮಾತಿಗೆ ನಲವತ್ತೈದು ವರ್ಷದ ನೆನಪನ್ನು ಬಿಟ್ಟುಕೊಡಲು ನಾನು ಸಿದ್ಧನಿಲ್ಲ. ನಂದಿ ಆಗ ಬೇರೆ ರೀತಿ ಕೂತಿದ್ದಿರಬಹುದು.

"ಫೋನ್ ಯಾಕೆ ಕಟ್ ಮಾಡಿದೆ?" ಎಂದು ನಾಗವೇಣಿಯನ್ನು ಬದಿಗೆ ಕರೆದು ಕೇಳಿದೆ.

"ಸುಶೀಲೆ ಅಳೂಕೆ ಹೊರಟಿತ್ತು. ಎಲ್ಲರೂ ನಗ್ತಿದ್ರು. ಮುಗೀತು ನನ್ನ ಮರ್ಯಾದೆ ಅಂದ್ಕಂಡೆ. ಎಂತ ಮಾಡೂದು? ಅದನ್ನ ಎಬ್ಸಿ ಕೂರ್ಸಿ, ಬಾಯಿಗೆ ಬಂದದ್ದು ಹೇಳೂಕೆ ಶುರು ಮಾಡ್ದೆ. ನೋಡಿದ್ರೆ ಎಲ್ಲ ಬಂತು." ಚಪ್ಪಲಿ ಮೆಟ್ಟಿಕೊಳ್ಳುತ್ತ ಹೇಳಿದಳು, "ನೀವು ಅಷ್ಟು ದಿನ ಬೊಬ್ಬೆ ಹೊಡದ್ದಕ್ಕೆ ಬಂತು."

ಇದನ್ನು ಹೊಗಳಿಕೆ ಎಂದು ನಾನು ದಾಖಲಿಸಿಕೊಂಡಿದ್ದೇನೆ. ಹಾಗೆ ಹೇಳಿದ್ದೇ ಇಲ್ಲ ಎಂದು ಅವಳು ಈಗ ಹೇಳುತ್ತಾಳೆ.

ತಿರುಗಿ ಬರುವಾಗ ಶಿರಸಿಯಲ್ಲಿ ಚಹಾಕ್ಕೆ ನಿಲ್ಲಿಸಿದರು. ಹೋಟೆಲಿನ ಎರಡು ಮೇಜು ಕೂಡಿಸಿ ಅಲ್ಲೇ ಸಂಘದ ಸಭೆ ನಡೆಯಿತು. ಸುಶೀಲೆ ಚೀಲದಿಂದ ಠರಾವು ಪುಸ್ತಕ ತೆಗೆದಳು. ನಾಗವೇಣಿಯ ಆ ಹಿಂದಿನ ಮಾತನ್ನು ಗಟ್ಟಿಯಾಗಿ ಓದಿದಳು. ನಾಗವೇಣಿ ಚಹಾದ ಲೋಟ ಕೆಳಗಿಟ್ಟಳು. ಸುಶೀಲೆ ಒಂದು ಗೆರೆ ಎಳೆದು ಅದನ್ನು ಹೊಡೆದು ಹಾಕಿ ಹೇಳಿದಳು: "ಚಲೋ ಆತು. ನಾನೇ ಹೇಳ್ತೆ, ಬಾಯ್ಬಿಟ್ಟು. ನಾಗವೇಣಿಯೇ ಇರ್ಲಿ."

"ಇರ್ಲಿ," ಎಂದಳು ಪರಮಕ್ಕ. ಹದಿನಾರು ಕೈ ಮೇಲೆದ್ದವು. ನನ್ನದೂ ಎದ್ದಿತ್ತು. ಅದನ್ನು ಎಣಿಸಲಿಲ್ಲ.

ಆಮೇಲೆ ಸುಶೀಲೆ ಬರೆದು ಓದಿದಳು: "ಸೋಮವಾರ ಬನವಾಸಿ ಪ್ರವಾಸ ಚಲೋ ಆಗಿದೆ. ಬನವಾಸಿಯನ್ನು ತೋರಿಸಿ ವಿವರಿಸಿದವರು ನಾಗವೇಣಿ. ಜೊತೆಗಿದ್ದ ಗಂಡಸರು ಒಬ್ಬರು."

ಒಬ್ಬರು! ಹೆಸರಿಲ್ಲ, ಹುದ್ದೆಯಿಲ್ಲ. ನಾನು ಎದ್ದು ನಿಂತೆ.

"ಇದಕ್ಕೆ ನನ್ನ ವಿರೋಧವಿದೆ! ಅರ್ಧ ಬರೆದು ಅರ್ಧ ಬಿಟ್ಟರೆ ನಾಳೆ ಓದುವವರಿಗೆ ಏನು ತಿಳಿಯುತ್ತದೆ? ಊರಿನ ಚರಿತ್ರೆಯೆಲ್ಲ ಕೆಡುವುದು ಹೀಗೇ. ಆ ಗಂಡಸು ಎಲ್ಲಿದ್ದ ಎಂಬುದನ್ನು ಬರೆಯಬೇಕು. ಖಂಡಿತವಾಗಿ ಬರೆಯಬೇಕು!" ಬನವಾಸಿಯಲ್ಲಿ, ಗುಡಿಯ ಎದುರಿಗೆ, ಕರ್ತವ್ಯದ ಮೇಲೆ ಎಂದು ಬರೆಯಲಿ ಎಂಬುದು ನನ್ನ ಆಸೆ.

ಸುಶೀಲೆ ಪೆನ್ನಿನ ಟೊಪ್ಪಿ ತೆಗೆದಳು. "ಎಲ್ಲಿದ್ರು ಅಂತ ಬರೀಲೇಬೇಕಾ ಭಾವಾ?"

"ಬರೆಯಲೇಬೇಕು. ಅದನ್ನು ಬರೆಯದೆ ಯಾರೂ ಸಹಿ ಹಾಕಬಾರದು."

ಅವಳು ಒಂದೇ ಶಬ್ದ ಸೇರಿಸಿದಳು. ಚೆಂದದ ಅಕ್ಷರದಲ್ಲಿ. ಆಮೇಲೆ ಓದಿದಳು: "ಜೊತೆಗಿದ್ದ ಗಂಡಸರು ಒಬ್ಬರು, ಹೊರಗೆ."

ಹೋಟೆಲಿನ ಗಲ್ಲೆಯ ಮೇಲೆ ಕೂತವನೂ ನಕ್ಕ. ನಾಗವೇಣಿ ಸೆರಗು ಬಾಯಿಗೆ ಒತ್ತಿಕೊಂಡು ಮೇಜಿನ ಮೇಲೆ ತಲೆಯಿಟ್ಟಳು, ಭುಜ ಅಲುಗುತ್ತಿತ್ತು. ಪುಸ್ತಕ ಕೈಯಿಂದ ಕೈಗೆ ಹೋಗಿ ಹದಿನೆಂಟು ಸಹಿಯಾಗಿ ನನ್ನ ಮುಂದೆ ಬಂತು. ಸಹಿ ಹಾಕುವುದಿಲ್ಲ ಎನ್ನಬಹುದಿತ್ತು. ಆದರೆ ಬರೆದದ್ದರಲ್ಲಿ ಸುಳ್ಳು ಯಾವುದು?

ಹಾಕಿದೆ. ಸುಮ್ಮನೆ ಹಾಕಲಿಲ್ಲ. ಪಕ್ಕದಲ್ಲಿ "ನನ್ನ ವಿರೋಧ ಇದ್ದೇ ಇದೆ" ಎಂದು ದಪ್ಪಕ್ಷರದಲ್ಲಿ ಬರೆಯಹೊರಟೆ. ಪುಟದಲ್ಲಿ ಜಾಗವೇ ಉಳಿದಿರಲಿಲ್ಲ. ಆದರೂ ಬಿಡಲಿಲ್ಲ, ಬರೆದೆ.

ಅದೂ ಅಂಚಿನ ಕೆಂಪು ಗೆರೆಯ ಹೊರಗೇ ಬಿತ್ತು!